ಹುರುಳಿಯ ಬಟ್ಟಲು

"ತಿಂತಾ?"

ವಸುಂಧರಾ ಇನ್ನೂ ಕೋಟು ಬಿಚ್ಚಿರಲಿಲ್ಲ, ಬೀಗದ ಕೈ ಬಾಗಿಲಲ್ಲೇ ತೂಗುತ್ತಿತ್ತು. ಆ ಜನವರಿಯಲ್ಲಿ ಆ ಮನೆಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಇದೊಂದೇ ಮಾತು.

"ಇಲ್ಲ ಕಣೇ," ಎಂದರು ಅವಳ ಅತ್ತೆ ಅಂಬುಜಮ್ಮ, ಅಡುಗೆಮನೆಯ ಹಿಂದಿನ ಗಾಜಿನ ಕೋಣೆಯಿಂದ. "ಮೂಸ್ತು. ಎರಡು ಸಲ ನೆಕ್ತು. ಮಕ ತಿರುಗಿಸ್ಕತು."

"ಬೆಳಿಗ್ಗೆ ಹಾಕಿದ್ದು ಹಾಗೇ ಇದೆಯಾ?"

"ಹಂಗೇ ಅದೆ."

ವಸುಂಧರಾ ಹೋಗಿ ನೋಡಿದಳು. ಅತ್ತೆ ಹೇಳಿದ್ದನ್ನು ನಂಬದೆ ಅಲ್ಲ, ನೋಡದೆ ಇರಲಾಗದೆ. ಸ್ಟೀಲಿನ ಬಟ್ಟಲಲ್ಲಿ ಅನ್ನ, ಬೇಯಿಸಿದ ಕೋಳಿ ಒಣಗಿ ಕೂತಿದ್ದವು. ಪಕ್ಕದಲ್ಲಿ ಹಳೆಯ ಕಂಬಳಿಯ ಮೇಲೆ ನಾಯಿ ಹುರುಳಿ ಮಲಗಿತ್ತು. ಮೈಬಣ್ಣ ಹುರುಳಿಕಾಳಿನದ್ದೇ, ಅದಕ್ಕೇ ಆ ಹೆಸರು. ಇಂಗ್ಲೆಂಡಿನ ಸೊಲಿಹಲ್‌ನ ಆ ಬೀದಿಯ ಇಂಗ್ಲಿಷರ ಬಾಯಲ್ಲಿ ಹೆಸರು ತಿರುಚಿಕೊಂಡು 'ಹರ್ಲಿ' ಆಗಿತ್ತು. ಬಾಲವನ್ನು ಒಂದು ಸಲ ನೆಲಕ್ಕೆ ಬಡಿದು ಕಣ್ಣು ಮುಚ್ಚಿತು. ವಸುಂಧರಾ ಅದರ ಪಕ್ಕೆಯನ್ನು ಸವರಿದಳು. ನಿನ್ನೆಗಿಂತ ಇನ್ನೊಂದು ಎಲುಬು ಕೈಗೆ ಸಿಕ್ಕಿದ ಹಾಗಾಯಿತು.

ನಾಯಿ ಬಂದದ್ದು ಮಗಳು ಹರ್ಷಿತಾಗಾಗಿ. ಒಂಬತ್ತು ವರ್ಷದ ಹುಡುಗಿ ಅತ್ತು ಕರೆದು ಊಟ ಬಿಟ್ಟು ಹಟ ಹಿಡಿದಳು. ಅಪ್ಪ ಮಹೇಶ ಅನಾಥ ನಾಯಿಗಳ ಕೇಂದ್ರದಿಂದ ಇದನ್ನು ಕರೆತಂದ. "ನಾಯಿ ಅಡುಗೆಮನೆ ಹೊಸ್ತಿಲು ದಾಟಿದ ದಿನ ನಾನು ಊರಿಗೆ ಹೊರಟೆ ಅಂತ ತಿಳ್ಕೋ" ಎಂದಿದ್ದರು ಅವನ ತಾಯಿ ಅಂಬುಜಮ್ಮ. ಹುಡುಗಿಯ ಕೈಗೆ ಫೋನು ಬಂದ ಮೇಲೆ ನಾಯಿಯನ್ನು ಹೊರಗೆ ಕರೆದೊಯ್ಯುವವರು ಯಾರೂ ಇರಲಿಲ್ಲ. ಮಹೇಶನಿಗೆ ಕಾರಿನ ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಕೆಲಸ, ಪಾಳಿ. ವಸುಂಧರಾಗೆ ಶಾಲೆಯ ಅಡುಗೆಮನೆ ಕೆಲಸ. ಗಂಡ ಸತ್ತ ಮೇಲೆ ಹಾಸನದ ಕಡೆಯ ಹಳ್ಳಿಯಿಂದ ಬಂದ ಅಂಬುಜಮ್ಮ ಎರಡು ಚಳಿಗಾಲ ಕಿಟಕಿಯ ಹತ್ತಿರ ಕೂತೇ ಕಳೆದಿದ್ದರು. ಎಲ್ಲರೂ ಕಾರಲ್ಲಿ ಓಡಾಡುವ ಬೀದಿ, ಕಾಲಲ್ಲಿ ನಡೆಯುವವರೇ ಇಲ್ಲ. ನಾಯಿಯ ಹಗ್ಗ ಕೈಗೆ ಬಂದ ಮೇಲೆ ಅವರು ಬೀದಿಗಿಳಿದರು. ಸೀರೆಯ ಮೇಲೆ ಮಗನ ಹಳೆಯ ಜಾಕೆಟ್ಟು, ಕಾಲಿಗೆ ಬೂಟು. ಪಾರ್ಕಿನಲ್ಲಿ ಇಂಗ್ಲಿಷ್ ಮುದುಕಿಯರು ನಿಂತು ನಾಯಿಯನ್ನು ಮಾತಾಡಿಸುತ್ತಿದ್ದರು, ಆಮೇಲೆ ಇವರನ್ನೂ. "ಗುಡ್ ಮಾರ್ನಿಂಗ್. ಗುಡ್ ಡಾಗ್. ವೆರಿ ಕೋಲ್ಡ್." ಅಂಬುಜಮ್ಮನ ಇಂಗ್ಲಿಷ್ ಇಷ್ಟೇ. ವರ್ಷಗಟ್ಟಲೆ ಇದರಲ್ಲೇ ಸಾಗಿತ್ತು.

ಈಗ ಹುರುಳಿಯ ಎರಡೂ ಕಿಡ್ನಿ ಕೈಕೊಡುತ್ತಿದ್ದವು. ಡಾಕ್ಟರು ಅದನ್ನು ಆಸ್ಪತ್ರೆಯಲ್ಲಿಟ್ಟುಕೊಂಡು ಡ್ರಿಪ್ ಹಾಕಿ ಕಳಿಸಿದ್ದಳು. ಚಿಕ್ಕ ವಯಸ್ಸಿನ ಹುಡುಗಿ, ಮಾತು ಮೆತ್ತಗೆ. ವಾಂತಿ ನಿಲ್ಲಲು ಔಷಧ, ಹಸಿವಿಗೆ ಔಷಧ, ಕಿಡ್ನಿ ನಾಯಿಗಳಿಗೆಂದೇ ಮಾಡಿದ ಡಬ್ಬದ ಊಟ ಎಲ್ಲ ಕೊಟ್ಟು ಹೇಳಿದ್ದಳು: ತಾನಾಗಿ ತಿನ್ನಬೇಕು. ಬಾಯಿ ಬಿಡಿಸಿ ತುರುಕಬೇಡಿ. ಸುತ್ತ ನಿಂತು ನೋಡಬೇಡಿ. ತಿಂದರೆ ಸ್ವಲ್ಪ ಕಾಲ ಸಿಗಬಹುದು. ತಿನ್ನದಿದ್ದರೆ ಮತ್ತೆ ಮಾತಾಡೋಣ.

ಆ 'ಮತ್ತೆ ಮಾತಾಡೋಣ' ಏನೆಂದು ಕಾರಿನಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ.

ಮನೆಯಲ್ಲಿ ಜಗಳ ಶುರುವಾದದ್ದು ಬಟ್ಟಲಿನಿಂದ.

"ಡಾಕ್ಟ್ರು ಕೊಟ್ಟ ಡಬ್ಬಾನೇ ಹಾಕು ವಸು. ನಿನ್ನ ಪ್ರಯೋಗ ಬೇಡ," ಎಂದ ಮಹೇಶ.

"ಆ ಡಬ್ಬಾನ ನೀವು ಮೂಸಿ ನೋಡಿದೀರಾ? ಸಿಮೆಂಟು ಕಲಸಿದ ಹಾಗಿದೆ. ನಾಯಿ ಯಾಕೆ, ನರಿನೂ ಮುಟ್ಟಲ್ಲ."

"ಮಮ್, ಉಪ್ಪು ಹಾಕ್ಬೇಡ, ಈರುಳ್ಳಿ ಹಾಕ್ಬೇಡ, ಬೆಳ್ಳುಳ್ಳಿ ಹಾಕ್ಬೇಡ," ಎಂದಳು ಹರ್ಷಿತಾ ಫೋನು ನೋಡುತ್ತ. "ಇಟ್ಸ್ ಪಾಯಿಸನ್."

"ಹದಿನೇಳು ವರ್ಷದಿಂದ ನಿಂಗೆ ಅಡುಗೆ ಮಾಡಿ ಹಾಕಿಲ್ವೇನೇ ನಾನು? ವಿಷ ಹಾಕಿದೀನಾ?"

"ನಾನು ಡಾಗ್ ಬಗ್ಗೆ ಹೇಳ್ತಿರೋದು!"

"ಕಿರುಚಬ್ಯಾಡ್ರೋ," ಎಂದರು ಅಂಬುಜಮ್ಮ. "ಅದಕ್ಕೆ ಕೇಳ್ತದೆ. ನೀವು ಹಿಂಗೆ ಅದರ ತಲೆ ಮೇಲೆ ನಿಂತು ಕಚ್ಚಾಡಿದ್ರೆ ಯಾವ ಜೀವ ಉಣ್ತದೆ? ಎಲ್ಲಾ ಆಚೆ ಹೋಗಿ. ನನ್ನ ತಟ್ಟೆನೂ ಇಲ್ಲೇ ಕೊಡು ವಸುಂಧರಾ. ನಾನು ಜೊತೇಲಿ ಕೂತು ತಿಂತೀನಿ. ನಾನು ತಿನ್ನೋದು ಕಂಡ್ರೆ ಅದಕ್ಕೂ ಆಸೆ ಆಯ್ತದೆ."

ಇದು ಎಲ್ಲರಿಗೂ ಸರಿಯೆನಿಸಿತು. ಮುದುಕಿಯ ಬುದ್ಧಿಗೆ ಮಹೇಶ ತಲೆದೂಗಿದ. ಅಂದಿನಿಂದ ಅಂಬುಜಮ್ಮನ ತಟ್ಟೆ ಗಾಜಿನ ಕೋಣೆಗೆ ಹೋಯಿತು. ಸಂಜೆ ವಸುಂಧರಾ ಮುದ್ದೆ ತಿರುವಿ, ಸೊಪ್ಪಿನ ಸಾರು ಬಿಟ್ಟು ಕೊಡುವಳು. ಅತ್ತೆ ಒಳಗೆ ಹೋಗಿ ಬಾಗಿಲೆಳೆದುಕೊಳ್ಳುವರು. ಮಿಕ್ಕ ಮೂವರು ಊಟದ ಮೇಜಿನಲ್ಲಿ ಕೂತು, ಚಮಚದ ಸದ್ದೂ ಆಗದ ಹಾಗೆ ತಿನ್ನುತ್ತ, ಕಿವಿಯನ್ನು ಆ ಬಾಗಿಲ ಮೇಲಿಟ್ಟಿರುವರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯುತ್ತಿತ್ತು. ಅತ್ತೆಯ ತಟ್ಟೆ ತೊಳೆದಿಟ್ಟ ಹಾಗೆ ಖಾಲಿ. ನಾಯಿಯ ಬಟ್ಟಲು ತುಂಬಿದ ಹಾಗೇ ತುಂಬಿ.

"ನೀವಾದ್ರೂ ಸರಿಯಾಗಿ ತಿಂದ್ರಾ ಅತ್ತೆ?"

"ನಂದಾಯ್ತು ಕಣೇ. ನಂದೇನು ಕೇಳ್ತೀಯ."

ಸರಿ, ಕೇಳುವುದನ್ನು ವಸುಂಧರಾ ಬಿಟ್ಟಳು. ಬೆಳಿಗ್ಗೆ ಎದ್ದು ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಅಂಗೈಗೆ ಹಾಕಿ, ನೀರು ಕೊಟ್ಟು, ನುಂಗುವವರೆಗೂ ನಿಂತು ನೋಡಿ, ಆಮೇಲೆ ನಾಯಿಯ ಔಷಧ. ಮಧ್ಯಾಹ್ನಕ್ಕೆ ಅತ್ತೆಗೆ ಡಬ್ಬಿ ಮುಚ್ಚಿಟ್ಟು ಕೆಲಸಕ್ಕೆ ಓಡುವಳು. ಶಾಲೆಯಲ್ಲಿ ಅವಳು ನಿಲ್ಲುತ್ತಿದ್ದದ್ದು ಮಕ್ಕಳು ತಟ್ಟೆ ಸುರಿಯುವ ಬಕೆಟ್ಟಿನ ಪಕ್ಕದಲ್ಲಿ. ಬಟಾಣಿಯನ್ನು ಕರವಸ್ತ್ರದಲ್ಲಿ ಸುತ್ತಿ ಎಸೆಯಲು ಬಂದವನನ್ನು ದೂರದಿಂದಲೇ ಹಿಡಿದು ವಾಪಸ್ಸು ಕಳಿಸುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ಆಲೂಗಡ್ಡೆಯೂ ಬಕೆಟ್ಟಿಗೆ ಬೀಳುತ್ತಿರಲಿಲ್ಲ.

"ಹುರುಳಿ ಇನ್ಶೂರೆನ್ಸ್‌ನವರು ಇನ್ನು ದುಡ್ಡು ಕೊಡೋದಿಲ್ಲವಂತೆ," ಎಂದ ಮಹೇಶ ಒಂದು ಭಾನುವಾರ, ಕುಕ್ಕರ್ ತೊಳೆಯುತ್ತ.

"ಕೊಡದಿದ್ರೆ ನಾವು ಕೊಡೋಣ. ಈ ಸಲ ಊರಿಗೆ ಹೋಗೋದು ಬೇಡ."

"ನಿಮ್ಮಪ್ಪನ್ನ ನೋಡಬೇಕು ಅಂತ ನೀನೇ ಕುಣೀತಿದ್ದೆ."

"ನಮ್ಮಪ್ಪ ದಿನಾ ಎರಡು ಹೊತ್ತು ಪಟ್ಟಾಗಿ ಉಣ್ತಾರೆ, ಅವರ ಚಿಂತೆ ನಿಮಗೆ ಬೇಡ. ಕುಕ್ಕರ್ ತಳ ಉಜ್ಜಿ, ಮೇಲೆ ಮೇಲೆ ಸವರಬೇಡಿ."

ಹರ್ಷಿತಾ ಕಿಟಕಿಯಲ್ಲಿ ನಿಂತಿದ್ದಳು. "ಮಮ್, ನಮ್ಮ ಫೆನ್ಸ್ ಮೇಲೆ ಯಾಕೆ ಇಷ್ಟೊಂದು ಮ್ಯಾಗ್‌ಪೈ?"

ಹಿತ್ತಿಲ ಬೇಲಿಯ ಮೇಲೆ ಕಪ್ಪು ಬಿಳುಪಿನ ಉದ್ದಬಾಲದ ಹಕ್ಕಿಗಳು ಸಾಲಾಗಿ ಕೂತು ಕಚಕಚ ಎನ್ನುತ್ತಿದ್ದವು. ಯಾರಿಗೋ ಕಾದ ಹಾಗಿತ್ತು.

"ಚಳಿಗೆ ಬಂದಿರ್ತವೆ. ಹಕ್ಕಿ ನೋಡೋದು ಬಿಟ್ಟು ಓದ್ಕೋ ಹೋಗು," ಎಂದಳು ವಸುಂಧರಾ.

ಆ ಹೊತ್ತಿಗೆ ಅಂಬುಜಮ್ಮ ಗಾಜಿನ ಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದರು. ರವಿಕೆ ಭುಜದ ಹತ್ತಿರ ಸಡಿಲವಾಗಿ ಜಾರುತ್ತಿತ್ತು. ವಸುಂಧರಾ ಅವರನ್ನು ದಾಟಿಕೊಂಡು ಹೋಗಿ ನಾಯಿಯ ಪಕ್ಕೆ ಸವರಿದಳು.

ಮರುದಿನ ಮನೆಯಿಂದ ಫೋನು ಬಂದಾಗ ವಸುಂಧರಾ ಶಾಲೆಯಲ್ಲಿ ದೊಡ್ಡ ತಟ್ಟೆಯ ಕೇಕನ್ನು ಕತ್ತರಿಸುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಫೋನು ಎತ್ತುವಂತಿಲ್ಲ. ಎತ್ತಿದಳು. ನಾಯಿ ಹೋಯಿತು ಎಂದೇ ಅಂದುಕೊಂಡಳು.

"ಮಮ್." ಓದಲು ಮನೆಯಲ್ಲೇ ಉಳಿದಿದ್ದ ಹರ್ಷಿತಾಳ ಧ್ವನಿ ಒಡೆಯುತ್ತಿತ್ತು. "ಅಜ್ಜಿ ಏನೋ ವಿಯರ್ಡ್ ಆಗಿ ಮಾತಾಡ್ತಿದಾರೆ."

"ಏನಂತ?"

"ನನ್ನ 'ಅಕ್ಕಾ' ಅಂತಿದಾರೆ. ಎಮ್ಮೆ ಕಟ್ಟು ಅಂತಿದಾರೆ. ತುಂಬಾ ಬೆವರ್ತಿದಾರೆ ಮಮ್, ಸೀರೆ ಎಲ್ಲಾ ಒದ್ದೆ."

"ಸಕ್ಕರೆ ಇಳಿದಿದೆ. ಜ್ಯೂಸ್ ಕೊಡು. ಸಕ್ಕರೆ ಕಲಸಿ ಬಾಯಿಗೆ ಹಾಕು. ಬೇಗ!"

"ಕೊಟ್ಟೆ. ಕುಡೀತಿಲ್ಲ. ಬಾಯಿ ಗಟ್ಟಿಯಾಗಿ ಮುಚ್ಚಿದಾರೆ." ಹುಡುಗಿ ಅಳತೊಡಗಿದಳು. "ಹುರುಳಿ ಥರಾನೇ ಮುಖ ತಿರುಗಿಸ್ತಿದಾರೆ."

"ಆಂಬುಲೆನ್ಸಿಗೆ ಫೋನ್ ಮಾಡು. ಈಗಲೇ. ನಾನು ಬಂದೆ."

ಏಪ್ರನ್ನು, ತಲೆಯ ಜಾಲರಿ ಟೋಪಿ ಹಾಗೇ ಇಟ್ಟುಕೊಂಡು ವಸುಂಧರಾ ಕಾರು ಓಡಿಸಿದಳು. ಮನೆ ಮುಟ್ಟುವಾಗ ಆಂಬುಲೆನ್ಸು ಬಂದು ನಿಂತಿತ್ತು. ಗಾಜಿನ ಕೋಣೆಯ ನೆಲದ ಮೇಲೆ, ನಾಯಿಯ ಕಂಬಳಿಗೆ ತಲೆಯಿಟ್ಟು ಅತ್ತೆ ಮಲಗಿದ್ದರು. ಆಂಬುಲೆನ್ಸಿನ ಹಸಿರು ಬಟ್ಟೆಯ ಹೆಂಗಸೊಬ್ಬಳು ಬೆರಳಿಂದ ಅವರ ಒಸಡಿಗೆ ಗ್ಲುಕೋಸಿನ ಸಿಹಿ ಅಂಟು ಸವರುತ್ತಿದ್ದಳು. ಇನ್ನೊಬ್ಬ ಕೈಗೆ ಸೂಜಿ ಚುಚ್ಚಲು ನರ ಹುಡುಕುತ್ತಿದ್ದ. ಹುರುಳಿ ಜಾಗ ಬಿಟ್ಟು ಏಳುವ ಶಕ್ತಿಯಿಲ್ಲದೆ ಅಲ್ಲೇ ಬಿದ್ದುಕೊಂಡು ಎಲ್ಲರನ್ನೂ ನೋಡುತ್ತಿತ್ತು.

"ಕೊನೆಗೆ ಊಟ ಮಾಡಿದ್ದು ಯಾವಾಗ?" ಎಂದು ಕೇಳಿದಳು ಹೆಂಗಸು.

"ನಿನ್ನೆ ಸಂಜೆ," ಎಂದಳು ವಸುಂಧರಾ ತಟ್ಟನೆ. "ಚೆನ್ನಾಗಿ ಊಟ ಮಾಡಿದ್ದಾರೆ. ದಿನಾ ನಾನೇ ಬಡಿಸೋದು."

"ಮಮ್," ಎಂದಳು ಹರ್ಷಿತಾ. ಅವಳು ಆ ಕೋಣೆಯ ಹಿತ್ತಿಲ ಬಾಗಿಲು ತೆರೆದು ನಿಂತಿದ್ದಳು. "ಇಲ್ಲಿ ಬಾ."

ಬೇಲಿಯ ಬುಡದಲ್ಲಿ, ಪೊದೆಯ ಹಿಂದೆ, ನಿನ್ನೆಯ ಮುದ್ದೆ ಬಿದ್ದಿತ್ತು. ಹಕ್ಕಿಗಳು ಕುಕ್ಕಿ ಉಳಿಸಿದ್ದು ಚಳಿಗೆ ಕಲ್ಲಾಗಿತ್ತು. ಅದರ ಕೆಳಗೆ ಮೊನ್ನೆಯ ಚಪಾತಿ. ಅದರ ಕೆಳಗೆ ಇನ್ನೂ ಹಿಂದಿನದು.

ವಸುಂಧರಾ ತಲೆಯ ಟೋಪಿ ಕಿತ್ತು ಕೈಯಲ್ಲಿ ಹಿಂಡಿದಳು. ಆ ಮುದುಕಿಯ ಹಸಿದ ಹೊಟ್ಟೆಗೆ ದಿನಾ ಬೆಳಿಗ್ಗೆ ಸಕ್ಕರೆ ಇಳಿಸುವ ಮಾತ್ರೆ ಹಾಕಿದವಳು ತಾನೇ.

ಅಂಬುಜಮ್ಮ ಉಳಿದರು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು, ಮಾತ್ರೆ ನಿಲ್ಲಿಸಿ ಕಳಿಸಿದರು. ಮನೆಗೆ ಬಂದು ಸೋಫಾದಲ್ಲಿ ಕೂರಿಸಿದ ಮೇಲೆ ಮಹೇಶ ಎದುರಿಗೆ ನಿಂತ.

"ಏನವ್ವ ಇದು? ಸಾಯ್ಬೇಕು ಅಂತ ಮಾಡಿದ್ಯಾ?"

"ಸಾಯೋಕಲ್ಲ ಕಣೋ. ಅದು ಬದುಕ್ಲಿ ಅಂತ."

"ಅಂದ್ರೆ?"

"ಹರಕೆ ಕಟ್ಕಂಡಿದೀನಿ. ಅದು ಒಂದು ಬಟ್ಟಲು ಅನ್ನ ಪೂರ್ತಿ ಉಣ್ಣೋಗಂಟ ನಾನೂ ಒಲೆ ಮೇಲೆ ಬೆಂದದ್ದು ಮುಟ್ಟಾಕಿಲ್ಲ ಅಂತ. ಅದು ಡ್ರಿಪ್ಪು ಹಾಕಿಸ್ಕಂಡು ಬಂತಲ್ಲ, ಅವತ್ತಿಂದ. ಹಸೀ ಹಾಲು ಕುಡ್ದೆ. ಬಾಳೆಹಣ್ಣು ತಿಂದೆ. ಏನಾಗಿಲ್ಲ ಬುಡು."

"ಏನಾಗಿಲ್ವಾ? ಬೆರಳಲ್ಲಿ ಬಾಯಿಗೆ ಸಕ್ಕರೆ ಉಜ್ಜಿ ಬದುಕಿಸಿದ್ರು! ನನ್ನ ಮಗಳು ಒಬ್ಬಳೇ ಮನೇಲಿದ್ಲು!"

"ಅಜ್ಜಿ, ಐ ಥಾಟ್ ಯು ವರ್ ಡೈಯಿಂಗ್," ಎಂದಳು ಹರ್ಷಿತಾ. ಆಮೇಲೆ, ಯಾವಾಗಲೂ ಇಂಗ್ಲಿಷಲ್ಲೇ ಮುಗಿಸುವವಳು, ಕನ್ನಡಕ್ಕೆ ಬಂದಳು. "ನಂಗೆ ತುಂಬಾ ಭಯ ಆಯ್ತು."

ಅಂಬುಜಮ್ಮ ಅವಳ ಕೈ ಹಿಡಿದುಕೊಂಡರು. ಆದರೆ ವಸುಂಧರಾ ತಂದ ಗಂಜಿಯ ಲೋಟ ಮುಟ್ಟಲಿಲ್ಲ.

"ಅನ್ನ ಬೇಡ ಬಿಡಿ. ಉಪ್ಪಿಟ್ಟು ಮಾಡಿಕೊಡ್ತೀನಿ," ಎಂದಳು ವಸುಂಧರಾ. "ಏಕಾದಶಿಗೆ ಊರೆಲ್ಲ ಉಪ್ಪಿಟ್ಟು ತಿಂದು ಉಪವಾಸ ಅನ್ನಲ್ವಾ?"

"ಬೆಂದದ್ದು ಅಂತ ಹೇಳಿದೀನಿ. ಉಪ್ಪಿಟ್ಟು ಬಿಸಿಲಲ್ಲಿ ಮಾಡ್ತೀಯಾ?"

"ಅವಲಕ್ಕಿ? ನೆನೆಸಿ ಕೊಡ್ತೀನಿ. ಒಲೆ ಹತ್ತಿಸೋದೇ ಇಲ್ಲ."

"ಅವಲಕ್ಕಿನ ಹುರಿದು ಕುಟ್ಟಿರ್ತಾರೆ."

"ನಿಮ್ಮಂಥ ಲಾಯರು ಈ ಸೊಲಿಹಲ್‌ನಲ್ಲಿ ಇನ್ನೊಬ್ಬರಿಲ್ಲ ಅತ್ತೆ! ಸಾಯ್ತೀರ ನೀವು, ಗೊತ್ತಾಗ್ತಿದೆಯಾ? ಸತ್ರೆ ಊರಿಗೆ ಏನಂತ ಹೇಳಲಿ? ಸೊಸೆ ನಾಯಿಗೆ ಹಾಕಿದ್ಲು, ಅತ್ತೆಗೆ ಹಾಕ್ಲಿಲ್ಲ ಅಂತಲಾ?"

ಮಹೇಶ ಊರಿಗೆ ಫೋನು ಮಾಡಿದ. ಅವರ ಮನೆದೇವರು ಭೈರವ, ನಾಯಿಯೇ ಆತನ ವಾಹನ. ಗುಡಿಯ ಪೂಜೆ ಮಾಡುವವನು ಚಿಕ್ಕಪ್ಪನ ಮಗ ಉಮೇಶ. ಫೋನಿನ ಪರದೆಯಲ್ಲಿ ಅವನ ದೊಡ್ಡ ಕುಂಕುಮ, ಹಿಂದೆ ಯಾರದೋ ಟ್ರ್ಯಾಕ್ಟರು.

"ದೊಡ್ಡವ್ವ, ಇದಕ್ಕೆಲ್ಲ ಹೆದರಬೇಡಿ. ಹಳದಿ ಬಟ್ಟೇಲಿ ಒಂದು ತಪ್ಪು ಕಾಣಿಕೆ ಕಟ್ಟಿಡಿ. ನಾನಿಲ್ಲಿ ಸ್ವಾಮಿಗೆ ಹೇಳಿ ಬಿಡಿಸ್ತೀನಿ. ದೇವರು ಏನೂ ಅನ್ನಲ್ಲ. ಇವತ್ತೇ ಉಣ್ಣಿ."

"ದೇವರು ಬಿಡ್ತಾನೆ ಕಣಪ್ಪ, ನಂಗೂ ಗೊತ್ತು," ಎಂದರು ಅಂಬುಜಮ್ಮ. "ಆದ್ರೆ ನಾನು ದೇವರ ಮುಂದೆ ನಿಂತು ಕಟ್ಟಿದ ಹರಕೆ ಅಲ್ಲ. ಇಲ್ಲಿ ದೇವರ ಕೋಣೆ ಮೆಟ್ಟಿಲು ಹತ್ತಿ ಮ್ಯಾಲದೆ, ನಂಗೆ ಮಂಡಿ ನೋವು. ಇವಳ, ಹುರುಳಿ ಕಿವೀಲೇ ಹೇಳ್ದೆ. ನೀನು ಉಂಡ್ರೆ ನಾನು ಉಣ್ತೀನಿ ಅಂತ. ಭೈರವಂಗೆ ಅವಳೇ ಮುಟ್ಟಿಸಲಿ ಅಂತ."

ಉಮೇಶ ಹಣೆ ಕೆರೆದುಕೊಂಡು, "ನಾಯಿ ಕಿವೀಲಿ ಹೇಳಿದ್ದನ್ನ ಬಿಡಿಸೋದು ನಮ್ಮ ಕಡೆ ಪದ್ಧತಿ ಇಲ್ಲ ಮಹೇಶಣ್ಣ" ಎಂದು ಫೋನಿಟ್ಟ.

ಆ ವಾರ ಮನೆಯಲ್ಲಿ ಎರಡು ಬಟ್ಟಲುಗಳ ಕಾವಲು ನಡೆಯಿತು. ಯಾರೂ ಅತ್ತೆಯನ್ನು ಒಬ್ಬರನ್ನೇ ಬಿಡಲಿಲ್ಲ. ಮಹೇಶ ರಜೆ ಹಾಕಿದ, ಹರ್ಷಿತಾ ಪುಸ್ತಕ ತಂದು ಗಾಜಿನ ಕೋಣೆಯಲ್ಲೇ ಓದಿದಳು. ಬೆಳಿಗ್ಗೆ ಮಧ್ಯಾಹ್ನ ಸಂಜೆ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡುವುದು. ಅಂಬುಜಮ್ಮ ಹಾಲು, ಹಣ್ಣು ಮಾತ್ರ ತೆಗೆದುಕೊಳ್ಳುತ್ತಿದ್ದರು. ಬಡಾವಣೆಯ ಡಾಕ್ಟರು ಇಂಗ್ಲಿಷಿನಲ್ಲಿ ಬೈದ. ಅಂಬುಜಮ್ಮ "ಥ್ಯಾಂಕ್ಯೂ, ವೆರಿ ಕೋಲ್ಡ್" ಎಂದರು. ಹರ್ಷಿತಾ ನಕ್ಕುಬಿಟ್ಟಳು, ನಗುತ್ತಲೇ ಅಳತೊಡಗಿದಳು.

ಹುರುಳಿ ಬಟ್ಟಲಿಂದ ಒಂದೆರಡು ಸಲ ನೆಕ್ಕುವುದನ್ನೂ ನಿಲ್ಲಿಸಿತು. ನೀರು ಕುಡಿದರೆ ಕಕ್ಕುತ್ತಿತ್ತು. ಹಿತ್ತಿಲಿಗೆ ಹೋಗಲು ಮಹೇಶ ಎತ್ತಿಕೊಂಡು ಹೋಗಬೇಕಾಯಿತು. ಗುರುವಾರ ಅವನೂ ವಸುಂಧರಾನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆ ಡಾಕ್ಟರು ಹುಡುಗಿ ಬಹಳ ಹೊತ್ತು ನಾಯಿಯ ತಲೆ ಸವರಿ, ಇನ್ನು ಎಳೆಯುವುದು ಅದಕ್ಕೆ ಹಿಂಸೆ ಎಂದಳು. ಶನಿವಾರ ಬೆಳಿಗ್ಗೆ ತನ್ನಿ. ಎಲ್ಲರೂ ಬರಬಹುದು. ನೋವಾಗುವುದಿಲ್ಲ.

ವಾಪಸ್ಸು ಬರುವಾಗ ವಿಮಾನವೊಂದು ತಲೆಯ ಮೇಲೇ ಇಳಿಯುತ್ತಿತ್ತು. ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ಮಹೇಶ ಕಾರು ಬಿಡಲಿಲ್ಲ. ಹಿಂದಿನವನು ಹಾರ್ನ್ ಬಾರಿಸಿದ.

"ಅವ್ವಂಗೆ ಹೇಗೆ ಹೇಳೋದು?"

"ಹೇಳೋದಲ್ಲ ರೀ ಕಷ್ಟ," ಎಂದಳು ವಸುಂಧರಾ. "ಆಮೇಲೆ?"

"ಆಮೇಲೇನು? ನಾಯಿ ಹೋದ್ಮೇಲೆ ಹರಕೆನೂ ಹೋಯ್ತಲ್ಲ. ಊಟ ಮಾಡಲೇಬೇಕು."

"ಇಷ್ಟು ವರ್ಷದಿಂದ ಅವರ ಮಗ ನೀವು, ಇಷ್ಟೇನಾ ಗೊತ್ತಿರೋದು? ಉಂಡ್ರೆ ಉಣ್ತೀನಿ ಅಂದಿದ್ದಾರೆ. ಅದು ಉಣ್ಣದೇ ಹೋದ್ರೆ ಬಟ್ಟಲು ಹಾಗೇ ಉಳಿಯುತ್ತೆ. ಯಾವತ್ತು ಉಣ್ಣೋದು ಅವರು? ಯಾರು ಬಿಡಿಸ್ತಾರೆ ಆಮೇಲೆ?"

ಅದು ಮಹೇಶನಿಗೆ ಹೊಳೆದಿರಲಿಲ್ಲ.

ಹೇಳಿದ್ದು ಸಂಜೆ. ಅಂಬುಜಮ್ಮ ಕೇಳಿಸಿಕೊಂಡರು.

"ಸೂಜಿ ಹಾಕಿ ಸಾಯಿಸ್ತೀಯಾ?"

"ಅವ್ವ, ಅದು ನರಳ್ತಿದೆ."

"ನಂಗೂ ಮಂಡಿ ನೋವು, ಸೊಂಟ ನೋವು. ನಂಗೂ ಹಾಕ್ಸು. ಒಂದೇ ದಿವಸ ಆಗೋಗ್ಲಿ, ನಿಂಗೆ ರಜ ಉಳೀತದೆ."

"ಏನ್ ಮಾತಾಡ್ತೀಯವ್ವ!" ಮಹೇಶ ಕೂಗಿದ. "ನಾನೇನು ಕಟುಕನಾ? ನಾನೂ ಅದನ್ನ ಎತ್ತಿ ಆಡಿಸಿಲ್ವಾ?"

ಅಂಬುಜಮ್ಮ ಎದ್ದು ಗಾಜಿನ ಕೋಣೆಗೆ ಹೋಗಿ, ಮಂಡಿ ಬಗ್ಗಿಸಲಾರದೆ ಕಾಲು ಚಾಚಿ ಕಂಬಳಿಯ ಪಕ್ಕ ಕೂತರು.

ಶುಕ್ರವಾರ ಮಹೇಶ ಪಾಳಿಗೆ ಹೋಗಲೇಬೇಕಿತ್ತು, ಹರ್ಷಿತಾಗೆ ಪರೀಕ್ಷೆ. ವಸುಂಧರಾ ಶಾಲೆಗೆ ಫೋನು ಮಾಡಿ ಬರುವುದಿಲ್ಲ ಎಂದಳು. ಕೋಳಿ ಬೇಯಿಸಿದಳು. ಮೊಟ್ಟೆ ಬೇಯಿಸಿ ಕಿವುಚಿದಳು. ಮೀನು ತಂದು ಮುಳ್ಳು ಬಿಡಿಸಿದಳು. ಒಂದೊಂದನ್ನೂ ಬೆಚ್ಚಗೆ ಮಾಡಿ ಹುರುಳಿಯ ಮೂಗಿನ ಹತ್ತಿರ ಹಿಡಿದಳು. ಅದು ಕಷ್ಟಪಟ್ಟು ಕತ್ತು ಆ ಕಡೆ ತಿರುಗಿಸಿತು, ತಪ್ಪು ಮಾಡಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಒಲೆಯ ಮೇಲೆಲ್ಲ ಪಾತ್ರೆ. ಅತ್ತೆ ಮುಂದಿನ ಕೋಣೆಯಲ್ಲಿ ಒರಗಿದ್ದರು. ಬೆಳಿಗ್ಗೆ ನೋಡಿದಾಗ ಸಕ್ಕರೆ ಮತ್ತೆ ಕೆಳಗಿತ್ತು. ಹಾಲನ್ನೂ ಅರ್ಧಕ್ಕೇ ಬಿಟ್ಟಿದ್ದರು.

ಕೊನೆಗೆ ಅನ್ನ, ಕೋಳಿ ಮೆತ್ತಗೆ ಕಲಸಿ, ಬಟ್ಟಲಿಗೆ ಹಾಕಿ ಅದರ ಮುಂದೆ ಕೂತಳು.

"ತಿನ್ನು," ಎಂದಳು. "ಒಂದು ಬಟ್ಟಲು. ಆಮೇಲೆ ನಿನ್ನನ್ನ ಏನೂ ಕೇಳಲ್ಲ."

ಹುರುಳಿ ಅವಳನ್ನೇ ನೋಡಿತು.

"ತಿನ್ನೇ ಅಂದೆ! ನಾಳೆ ಹೋಗ್ತೀಯ ನೀನು, ನಿನ್ನ ಹಿಂದೇನೇ ಅವರೂ ಹೊರಡ್ತಾರೆ. ಎಂಟು ವರ್ಷ ನಿನ್ನ ಕೂದಲು ಗುಡಿಸಿಲ್ವಾ ನಾನು? ಇಷ್ಟು ಮಾಡೋಕಾಗಲ್ವಾ ನಿಂಗೆ? ತಿನ್ನೇ, ದರಿದ್ರ ಮುಂಡೇದೆ, ತಿನ್ನು!"

ನಾಯಿ ಹೆದರಿ ಕಿವಿ ಹಿಂದಕ್ಕೆ ಹಾಕಿತು. ಬಾಲವನ್ನು ಒಂದೇ ಒಂದು ಸಲ ನೆಲಕ್ಕೆ ಬಡಿಯಿತು. ವಸುಂಧರಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಮುಂದಿನ ಕೋಣೆಯ ಕಡೆಯಿಂದ, ಆಸ್ಪತ್ರೆಯಲ್ಲಿ ಕೊಟ್ಟ ಊರುಗೋಲಿನ ಸದ್ದಾಯಿತು. ಅತ್ತೆ ಎದ್ದಿದ್ದರು. ಟಕ್, ನಿಲ್ಲುವುದು, ಮತ್ತೆ ಟಕ್. ವಸುಂಧರಾ ಬಟ್ಟಲು ನೋಡಿದಳು, ಬಾಗಿಲು ನೋಡಿದಳು. ಕಸದ ಡಬ್ಬಿ ಅಡುಗೆಮನೆಯ ಆಚೆ ತುದಿಯಲ್ಲಿ, ಅತ್ತೆ ಬರುವ ದಾರಿಯಲ್ಲೇ. ಹಿತ್ತಿಲ ಬಾಗಿಲು ತೆರೆದರೆ ಹಕ್ಕಿಗಳ ಗಲಾಟೆ. ಬಟ್ಟಲಿಗೆ ಕೈಹಾಕಿ ಒಂದು ಹಿಡಿ ಬಾಯಿಗೆ ತುರುಕಿದಳು. ಸಪ್ಪೆ, ತಣ್ಣಗಿನ ಕೋಳಿಯ ಜಿಡ್ಡು. ಅಗಿಯಲಿಲ್ಲ, ನುಂಗಿದಳು. ಇನ್ನೊಂದು ಹಿಡಿ. ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಇನ್ನೊಂದು. ತಳವನ್ನು ಬೆರಳಿಂದ ಬಳಿದಳು. ಹುರುಳಿ ತಲೆಯೆತ್ತಿ, ಅವಳು ತಿನ್ನುವುದನ್ನು ಕೊನೆಯವರೆಗೂ ನೋಡಿತು.

ಅಂಬುಜಮ್ಮ ಬಾಗಿಲಲ್ಲಿ ನಿಂತರು.

"ತಿಂತಾ?"

ವಸುಂಧರಾ ಹಿಂಗೈಯಿಂದ ಬಾಯಿ ಒರೆಸಿಕೊಂಡು ಬಟ್ಟಲನ್ನು ಅವರ ಕಡೆ ವಾಲಿಸಿ ತೋರಿಸಿದಳು. "ತಿಂತು ಅತ್ತೆ. ಪೂರ್ತಿ."

ಅಂಬುಜಮ್ಮ ಬಟ್ಟಲು ನೋಡಿದರು. ಹುರುಳಿಯ ಮೂತಿ ನೋಡಿದರು. ಬಿಳಿಯಾದ ಮೀಸೆ ಒಣಗಿ ಸ್ವಚ್ಛವಾಗಿತ್ತು. ಆಮೇಲೆ ಸೊಸೆಯನ್ನು ನೋಡಿದರು. ಅವಳ ಗಲ್ಲದ ಮೇಲೆ ಒಂದು ಅಗುಳು ಅಂಟಿಕೊಂಡಿತ್ತು.

"ಉಪ್ಪು ಹಾಕಿದ್ಯಾ?" ಎಂದರು ಕೊನೆಗೆ.

"ಇಲ್ಲ ಅತ್ತೆ. ನಾಯಿಗೆ ಉಪ್ಪು ಹಾಕಬಾರದಂತೆ."

"ಹೆಂಗೆ ನುಂಗ್ತೋ, ಪಾಪ."

ಅವರು ಊರುಗೋಲನ್ನು ಗೋಡೆಗೆ ಒರಗಿಸಿ, ಅಡುಗೆಮನೆಯ ಕುರ್ಚಿ ಎಳೆದು ಕೂತರು.

"ಎಸರಿಡು," ಎಂದರು. "ಮುದ್ದೆ ತಿರುವು. ಚಿಕ್ಕದು ಮಾಡು, ಹೊಟ್ಟೆ ಒಣಗಿ ಅದೆ."

ವಸುಂಧರಾ ಕೈಗೆ ಸಿಕ್ಕ ಪಾತ್ರೆಯನ್ನೇ ಒಲೆಗಿಟ್ಟಳು. ಹಿಟ್ಟು ಸುರಿಯುವಾಗ ಅರ್ಧ ಕೆಳಗೆ ಚೆಲ್ಲಿತು. ತಟ್ಟೆಯಿಟ್ಟು, ಸಾರು ಬಿಟ್ಟು, ಅವರ ಎದುರಿಗೇ ನಿಂತಳು, ಶಾಲೆಯ ಬಕೆಟ್ಟಿನ ಪಕ್ಕ ನಿಲ್ಲುವ ಹಾಗೆ, ಕಣ್ಣು ತೆಗೆಯದೆ. ಅತ್ತೆ ಒಂದು ತುತ್ತು ಮುರಿದರು, ಸಾರಿಗೆ ಅದ್ದಿದರು, ನುಂಗಿದರು. ಇನ್ನೊಂದು ಮುರಿದರು.

"ನೀನೂ ಹಾಕ್ಕೋ ಒಂದು ತಟ್ಟೆ."

"ನಂದಾಯ್ತು ಅತ್ತೆ."

"ಗೊತ್ತು ಕಣೇ," ಎಂದರು ಅಂಬುಜಮ್ಮ, ತಟ್ಟೆಯಿಂದ ಮುಖ ಎತ್ತದೆ.

ಮುಂಬಾಗಿಲು ದಡಾರನೆ ತೆರೆಯಿತು. ಹರ್ಷಿತಾ ಬೂಟೂ ಕಳಚದೆ ಒಳಗೆ ಓಡಿಬಂದಳು. "ತಿಂತಾ?" ಎನ್ನುತ್ತಿದ್ದವಳು ಅಜ್ಜಿಯ ಮುಂದಿನ ತಟ್ಟೆ ಕಂಡು ನಿಂತುಬಿಟ್ಟಳು. ನೆಲದ ಮೇಲಿನ ಖಾಲಿ ಬಟ್ಟಲು ಕಂಡಳು. ಅವಳ ಮುಖ ಅರಳಿತು.

"ತಿಂತು! ಓ ಮೈ ಗಾಡ್, ಎಲ್ಲಾ ತಿಂತು! ಹಾಗಾದ್ರೆ ನಾಳೆ ಹೋಗೋದು ಬೇಡ ಅಲ್ವಾ? ಮಮ್? ಕ್ಯಾನ್ಸಲ್ ಮಾಡ್ಬಹುದಲ್ವಾ?"

ವಸುಂಧರಾ ಒಲೆಯ ಕಡೆ ತಿರುಗಿ ನಿಂತಳು. ಇದೊಂದನ್ನು ಅವಳು ಯೋಚಿಸಿರಲಿಲ್ಲ.

ಅಂಬುಜಮ್ಮ ಕೊನೆಯ ತುತ್ತು ಮುಗಿಸಿ ಕೈ ತೊಳೆದರು. ಗೋಡೆ ಹಿಡಿದುಕೊಂಡು ಗಾಜಿನ ಕೋಣೆಗೆ ಹೋಗಿ, ಮೆಲ್ಲಗೆ ಕಂಬಳಿಯ ಪಕ್ಕ ಇಳಿದರು. ಹುರುಳಿಯ ತಲೆಯನ್ನು ತೊಡೆಯ ಮೇಲೆಳೆದುಕೊಂಡರು.

"ಹೋಗಬೇಕು ಕಣವ್ವ," ಎಂದರು. "ನಾಳೆ ಎಲ್ಲರೂ ಹೋಗೋಣ. ನಾನೂ ಬತ್ತೀನಿ. ಉಂಡು ಹೋಯ್ತದೆ, ಅಷ್ಟೇಯ."

ಸೆರಗಿನ ತುದಿ ತೆಗೆದು, ಏನೂ ಅಂಟಿರದ ಅದರ ಬಾಯನ್ನು ಒರೆಸಿದರು.